ಮರಳಿ ಬಂದ ಗಡ್ಡೆ: ಮೊದಲು ಹಳೆಯ ಫೈಲ್ ಬಿಚ್ಚಿ

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಆರನೆಯ ವಯಸ್ಸಿನಲ್ಲಿ ಮೆದುಳಿನಲ್ಲಿ ಮೆಡುಲ್ಲೋಬ್ಲಾಸ್ಟೋಮಾ ಗಡ್ಡೆಯಾಗಿ ಬೆಂಗಳೂರಿನಲ್ಲಿ ಆಪರೇಷನ್, ರೇಡಿಯೇಷನ್, ಕಿಮೋ ಎಲ್ಲ ಮಾಡಿಸಿದೆವು. ಚೆನ್ನಾಗಿದ್ದ, ಶಾಲೆಗೂ ಹೋಗುತ್ತಿದ್ದ. ಕಳೆದ ತಿಂಗಳ ಎಂಆರ್‌ಐನಲ್ಲಿ ಗಡ್ಡೆ ಮತ್ತೆ ಕಾಣಿಸಿದೆ. ‘ಆಸ್ಪತ್ರೆ ಸಾಕು, ನಾಟಿ ಔಷಧಿ ಕೊಡಿಸು’ ಎನ್ನುತ್ತಾರೆ ಬಂಧುಗಳು. ಮತ್ತೆ ರೇಡಿಯೇಷನ್ ಕೊಡಬಹುದೇ? ಹೊಸ ಔಷಧಿ ಬಂದಿದೆಯೇ?
– ಒಬ್ಬ ತಂದೆ, ಹುಮನಾಬಾದ್, ಬೀದರ್ ಜಿಲ್ಲೆ

ಉತ್ತರ: ಎರಡೂ ಪ್ರಶ್ನೆಗೆ ಉತ್ತರ ನಿಮ್ಮ ಮನೆಯ ಹಳೆಯ ಫೈಲಿನಲ್ಲಿದೆ. ರೇಡಿಯೇಷನ್ ಮುಗಿದಾಗ ಕೊಟ್ಟ ಸಾರಾಂಶದ ಹಾಳೆಯನ್ನು ಹುಡುಕಿ. ಮೆದುಳು–ಬೆನ್ನುಹುರಿಗೆ ಎಷ್ಟು ‘ಗ್ರೇ’ (ರೇಡಿಯೇಷನ್ ಅಳೆಯುವ ಮಾನ), ಗಡ್ಡೆಯಿದ್ದ ಜಾಗಕ್ಕೆ ಎಷ್ಟು ಎಂದು ಅದರಲ್ಲಿರುತ್ತದೆ. ಸಾಮಾನ್ಯವಾಗಿ ಮೊದಲನೆಯದು 23.4 ಅಥವಾ 36, ಎರಡನೆಯದು 54ರ ಆಸುಪಾಸು. ಈ ಲೆಕ್ಕ, ನಡುವೆ ಕಳೆದ ಕಾಲ, ಗಡ್ಡೆ ಎಲ್ಲಿದೆ ಎಂಬುದನ್ನು ನೋಡಿಯೇ ಎರಡನೆಯ ಸಲ ರೇಡಿಯೇಷನ್ ಕೊಡುವ ತೀರ್ಮಾನ. ಕೆಲವು ಮಕ್ಕಳಿಗೆ ಕೊಡುತ್ತೇವೆ. ಮೊದಲ ಆಪರೇಷನ್ನಿನ ಗಡ್ಡೆಯ ತುಣುಕನ್ನು ಮೇಣದ ಬ್ಲಾಕಿನಲ್ಲಿ ಇಟ್ಟಿರುತ್ತಾರೆ. ಅದನ್ನೂ ಆಸ್ಪತ್ರೆಯಿಂದ ಕೇಳಿ ಪಡೆಯಿರಿ. ಮೆಡುಲ್ಲೋಬ್ಲಾಸ್ಟೋಮಾದಲ್ಲಿ ನಾಲ್ಕು ಮುಖ್ಯ ಗುಂಪುಗಳಿವೆ, ನಿಮ್ಮ ಮಗನದು ಯಾವುದೆಂದು ಅದರಿಂದ ತಿಳಿಯಬಹುದು.

ಎಂಆರ್‌ಐನಲ್ಲಿ ಕಂಡದ್ದು ಹಳೆಯ ಗಡ್ಡೆಯೇ ಎಂದೂ ಈಗಲೇ ಹೇಳಲಾಗದು. ರೇಡಿಯೇಷನ್ನಿನ ಕಲೆ ಗಡ್ಡೆಯಂತೆ ಕಾಣುವುದುಂಟು. ಅಪರೂಪಕ್ಕೆ ಅದೇ ಜಾಗದಲ್ಲಿ ಬೇರೆ ಜಾತಿಯ ಗಡ್ಡೆಯೂ ಹುಟ್ಟುತ್ತದೆ. ಆದ್ದರಿಂದ ಪೂರ್ತಿ ಬೆನ್ನುಹುರಿಯ ಎಂಆರ್‌ಐ, ಬೆನ್ನುನೀರಿನ ಪರೀಕ್ಷೆ, ಸಾಧ್ಯವಿದ್ದರೆ ಬಯಾಪ್ಸಿ ಮಾಡಿಸಿ. ಒಂದೇ ಕಡೆ ಇದ್ದರೆ ಮತ್ತೆ ಆಪರೇಷನ್ ಮಾಡುವುದೂ ಉಂಟು.

ಪತ್ರಿಕೆಗಳಲ್ಲಿ ಬಂದ ‘ಹೊಸ ಮಾತ್ರೆ’ಯ ಸುದ್ದಿ ನಿಮ್ಮ ಕಿವಿಗೂ ಬಿದ್ದಿರಬಹುದು. 2024ರ ಏಪ್ರಿಲ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಟೊವೊರಾಫೆನಿಬ್, ಬಿಆರ್‌ಎಎಫ್ ಜೀನಿನಲ್ಲಿ ದೋಷವಿರುವ, ನಿಧಾನವಾಗಿ ಬೆಳೆಯುವ ಗ್ಲಯೋಮಾ ಎಂಬ ಬೇರೆ ಜಾತಿಯ ಮೆದುಳು ಗಡ್ಡೆಗೆ. ನಿಮ್ಮ ಮಗನ ಕಾಯಿಲೆಗಲ್ಲ. ಇಂಥಲ್ಲಿ ನಾವು ಬಳಸುವುದು ಟೆಮೊಜೊಲೊಮೈಡ್, ಇರಿನೊಟೆಕಾನ್, ಬೆವಾಸಿಜುಮ್ಯಾಬ್, ಇಲ್ಲವೇ ಮನೆಯಲ್ಲೇ ನುಂಗುವ ಕಡಿಮೆ ಪ್ರಮಾಣದ ಕಿಮೋ ಮಾತ್ರೆಗಳು. ನಡುನಡುವಿನ ರಕ್ತ ಪರೀಕ್ಷೆಗೆ ಬೆಂಗಳೂರಿನವರೆಗೆ ಹೋಗಬೇಕಿಲ್ಲ. ಕಲಬುರಗಿಯಲ್ಲಿ ಕಿದ್ವಾಯಿಯ ಕೇಂದ್ರವಿದೆ, ಅಲ್ಲಿ ವಿಚಾರಿಸಿ.

ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಪೂರ್ಣ ರೇಡಿಯೇಷನ್ ಆದ ಮೇಲೆ ಮರಳಿದ ಈ ಕಾಯಿಲೆ ಪೂರ್ತಿ ಗುಣವಾಗುವುದು ಅಪರೂಪ. ಹಾಗೆಂದು ಚಿಕಿತ್ಸೆ ವ್ಯರ್ಥವಲ್ಲ. ಮಗ ನೋವಿಲ್ಲದೆ ಓಡಾಡಿಕೊಂಡು, ಶಾಲೆಗೆ ಹೋಗಿಕೊಂಡು ಇರುವ ಕಾಲವನ್ನು ಅದು ಹೆಚ್ಚಿಸಬಲ್ಲದು. ಯಾವ ಹಂತದಲ್ಲಿ ನಿಲ್ಲಿಸಬೇಕು ಎಂದು ವೈದ್ಯರನ್ನು ಮೊದಲ ದಿನವೇ ಕೇಳಿ. ಕೇಳುವುದು ನಿಮ್ಮ ಹಕ್ಕು. ನೋವು ಶಮನದ ವೈದ್ಯರನ್ನೂ ಆಗಲೇ ಜೊತೆಗಿಟ್ಟುಕೊಳ್ಳಿ, ಕೊನೆಗಾಲಕ್ಕೆ ಎಂದು ಮುಂದೂಡಬೇಡಿ.

ಬಂದೇ ನವಾಜ್ ದರ್ಗಾಕ್ಕೋ ಶರಣಬಸವೇಶ್ವರ ಗುಡಿಗೋ ಹರಕೆ ಹೊತ್ತಿದ್ದರೆ ಖಂಡಿತ ತೀರಿಸಿ. ನಾಟಿ ಔಷಧಿ ಮಾತ್ರ ಬೇಡ. ಕಿಮೋ ಜೊತೆ ಸೇರಿ ಯಕೃತ್ತು ಕೆಡಿಸಿದರೆ ಚಿಕಿತ್ಸೆಯೇ ನಿಲ್ಲುತ್ತದೆ. ಮೆದುಳಿನ ಊತ ಇಳಿಸುವ ಡೆಕ್ಸಾಮೆಥಾಸೋನ್ ಮಾತ್ರೆ ಕೊಟ್ಟಿದ್ದರೆ ಮುಖ ಊದಿತು, ಹಟ ಹೆಚ್ಚಾಯಿತು ಎಂದು ಥಟ್ಟನೆ ನಿಲ್ಲಿಸಬೇಡಿ. ಬೆಳಗ್ಗೆ ಏಳುತ್ತಲೇ ತಲೆನೋವು, ವಾಂತಿ, ಆಮೇಲೆ ಮಂಪರು ಕಂಡರೆ ಬೆಂಗಳೂರಿನ ತಾರೀಕಿಗೆ ಕಾಯದೆ, ಸಿಟಿ ಸ್ಕ್ಯಾನ್ ಮತ್ತು ನರಶಸ್ತ್ರಚಿಕಿತ್ಸಕರು ಇರುವ ಹತ್ತಿರದ ಆಸ್ಪತ್ರೆಗೆ ಅಂದೇ ಹೊರಡಿ. ತಲೆಯಲ್ಲಿ ನೀರು ತುಂಬಿದ್ದರೆ ಅದನ್ನು ತಡಮಾಡದೆ ಇಳಿಸಬೇಕಾಗುತ್ತದೆ.