ಓದುಗರ ಪ್ರಶ್ನೆ: ಪಿಎಲ್‌ಸಿ ಕೇಬಲ್ ಆಫೀಸ್ ಸ್ವಿಚ್‌ಗೆ ಹಾಕಿಬಿಡಲಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಫ್ಯಾಕ್ಟರಿಗಳಿಂದಲೇ ಬಂದಿವೆ. ಮೆಷಿನ್ ನಡೆಸುವ ಪುಟ್ಟ ಕಂಪ್ಯೂಟರ್ ಆದ ಪಿಎಲ್‌ಸಿಯನ್ನು ಕಂಪನಿಯ ನೆಟ್‌ವರ್ಕ್‌ಗೆ ಸೇರಿಸುವುದು ಹೇಗೆ ಅಂತ. ಮೊದಲನೆಯದಕ್ಕೆ ಉದ್ದವಾಗಿ ಉತ್ತರ ಬರೆದಿದ್ದೇನೆ, ಮಿಕ್ಕವುಗಳ ಬೇರು ಅದರಲ್ಲೇ ಇದೆ.

ಪ್ರಶ್ನೆ: ಸರ್, ಪೀಣ್ಯದಲ್ಲಿ ನಮ್ಮದು ವಾಹನಗಳ ಬಿಡಿಭಾಗ ಮಾಡುವ ಫ್ಯಾಕ್ಟರಿ. ಹನ್ನೆರಡು ಮೆಷಿನ್, ಎಲ್ಲದಕ್ಕೂ ಪಿಎಲ್‌ಸಿ. ಪ್ರತಿ ಶಿಫ್ಟ್‌ನಲ್ಲಿ ಎಷ್ಟು ಪೀಸ್ ಆಯಿತು ಅನ್ನುವುದು ತಾನಾಗಿಯೇ ಇಆರ್‌ಪಿಗೆ (ಕಂಪನಿಯ ಲೆಕ್ಕ, ಸ್ಟಾಕ್ ನೋಡುವ ಸಾಫ್ಟ್‌ವೇರ್) ಬರಬೇಕು ಅಂತ ಎಂಡಿ ಹೇಳಿದ್ದಾರೆ. ಐಟಿಯವರು "ನಮ್ಮ ಐಪಿ ವಿಳಾಸ ಕೊಟ್ಟು ಆಫೀಸ್ ನೆಟ್‌ವರ್ಕ್ ಸ್ವಿಚ್‌ಗೆ ಕೇಬಲ್ ಹಾಕಿ, ಮಿಕ್ಕಿದ್ದು ನಾವು ನೋಡ್ಕೊಳ್ತೀವಿ" ಅಂತಾರೆ. ಹಾಕಿಬಿಡಲಾ?
- ಮೇಂಟೆನೆನ್ಸ್ ಎಂಜಿನಿಯರ್, ಬೆಂಗಳೂರು

ಉತ್ತರ: ಹಾಕಬೇಡಿ. ಎಂಡಿ ಕೇಳಿದ್ದರಲ್ಲಿ ತಪ್ಪಿಲ್ಲ, ಅದನ್ನು ಮಾಡಿಕೊಡಲೂಬಹುದು. ಈ ದಾರಿ ಮಾತ್ರ ಬೇಡ.

ಯಾಕೆ ಅಂದರೆ, ಪಿಎಲ್‌ಸಿ ಆಡುವ ಮಾತು ಹುಟ್ಟಿದ ಕಾಲವೇ ಬೇರೆ. ಇವತ್ತಿಗೂ ಎಲ್ಲೆಲ್ಲೂ ಸಿಗುವ ಮಾಡ್‌ಬಸ್ ಬಂದದ್ದು 1979ರಲ್ಲಿ, ಮಾಡಿಕಾನ್ ಕಂಪನಿಯಿಂದ. ಆಗ ಅದು ಓಡುತ್ತಿದ್ದದ್ದು ಫ್ಯಾಕ್ಟರಿಯೊಳಗೆ ಎಳೆದ ಸೀರಿಯಲ್ ವೈರ್ ಮೇಲೆ. ಆ ವೈರ್ ಮುಟ್ಟಬೇಕಾದರೆ ಮನುಷ್ಯ ಪ್ಯಾನೆಲ್ ಬಾಗಿಲು ತೆಗೆದು ನಿಲ್ಲಬೇಕಿತ್ತು. ಹಾಗಾಗಿ ಪಾಸ್‌ವರ್ಡ್ ಇಡಲಿಲ್ಲ. ಆಮೇಲೆ ಅದೇ ಮಾತನ್ನು ಈಥರ್ನೆಟ್‌ಗೆ ತಂದರು, ಪೋರ್ಟ್ (ನೆಟ್‌ವರ್ಕ್‌ನ ಬಾಗಿಲು) 502 ಅಂತ. ಪಾಸ್‌ವರ್ಡ್ ಆಗಲೂ ಬರಲಿಲ್ಲ. ಆ ಪೋರ್ಟ್ ತನಕ ತಲುಪಬಲ್ಲ ಯಾವ ಕಂಪ್ಯೂಟರ್ ಬೇಕಾದರೂ "ಈ ರಿಜಿಸ್ಟರ್‌ನಲ್ಲಿ (ಪಿಎಲ್‌ಸಿಯ ಮೆಮೊರಿಯ ಒಂದು ಗೂಡು) ಏನಿದೆ" ಅಂತ ಕೇಳಬಹುದು, ಅಷ್ಟೇ ಸುಲಭವಾಗಿ "ಈ ರಿಜಿಸ್ಟರ್‌ಗೆ ಇದನ್ನು ಬರೆ" ಅಂತಲೂ ಹೇಳಬಹುದು. ಹೇಳುತ್ತಿರುವುದು ನಿಮ್ಮ ಇಆರ್‌ಪಿಯೋ, ಅಕೌಂಟ್ಸ್‌ನವರು ಬಿಲ್ ಅಂದುಕೊಂಡು ತೆರೆದ ಮೇಲ್‌ನಿಂದ ಒಳಗೆ ಬಂದ ವೈರಸ್ಸೋ, ಪಿಎಲ್‌ಸಿ ವಿಚಾರಿಸುವುದೇ ಇಲ್ಲ. ಸೀಮೆನ್ಸ್ ಪಿಎಲ್‌ಸಿಯಲ್ಲಿ ಡೇಟಾ ಓದಲು ಅಂತ "ಪುಟ್-ಗೆಟ್" ಆನ್ ಮಾಡುತ್ತೇವಲ್ಲ, ಅದೂ ಹೀಗೆಯೇ. ಓದಲು ತೆರೆದ ಬಾಗಿಲಲ್ಲೇ ಬರೆಯುವವರೂ ಬರಬಹುದು.

ವೈರಸ್ಸೇ ಬರಬೇಕು ಅಂತಲೂ ಇಲ್ಲ. ಆಫೀಸ್ ನೆಟ್‌ವರ್ಕ್‌ನಲ್ಲಿ ಪ್ರಿಂಟರ್, ಕ್ಯಾಮೆರಾ, ಫೋನ್ ಎಲ್ಲವೂ ಸದಾ ಕೂಗುತ್ತಿರುತ್ತವೆ. ಲ್ಯಾಪ್‌ಟಾಪ್‌ಗೆ ಅದೊಂದು ಲೆಕ್ಕವೇ ಅಲ್ಲ. ಪಿಎಲ್‌ಸಿಗಳ, ಮೋಟರ್ ವೇಗ ನಡೆಸುವ ಡ್ರೈವ್‌ಗಳ ನೆಟ್‌ವರ್ಕ್ ಭಾಗ ತುಂಬ ಚಿಕ್ಕದು, ಗಲಾಟೆ ಜಾಸ್ತಿ ಆದರೆ ಕೆಲವು ಸುಮ್ನೆ ನಿಂತುಬಿಡುತ್ತವೆ. 2006ರ ಆಗಸ್ಟ್‌ನಲ್ಲಿ ಅಮೆರಿಕದ ಅಲಬಾಮಾದ ಬ್ರೌನ್ಸ್ ಫೆರಿ ಅಣು ವಿದ್ಯುತ್ ಸ್ಥಾವರದ 3ನೇ ಘಟಕದಲ್ಲಿ ಆದದ್ದು ಇದೇ. ನೆಟ್‌ವರ್ಕ್‌ನಲ್ಲಿ ಟ್ರಾಫಿಕ್ ಮಿತಿಮೀರಿ, ರಿಯಾಕ್ಟರ್‌ನ ನೀರು ತಿರುಗಿಸುವ ಎರಡು ಪಂಪ್‌ಗಳ ಡ್ರೈವ್ ಕಂಟ್ರೋಲರ್‌ಗಳು ಸ್ತಬ್ಧವಾದವು. ಪಂಪ್ ನಿಂತಿತು, ಆಪರೇಟರ್‌ಗಳು ಕೈಯಿಂದಲೇ ರಿಯಾಕ್ಟರ್ ನಿಲ್ಲಿಸಬೇಕಾಯಿತು. ನಾನೇ ಕಣ್ಣಾರೆ ಕಂಡದ್ದೂ ಒಂದಿದೆ. ಒಂದು ಪ್ಯಾಕಿಂಗ್ ಲೈನ್‌ಗೆ ನನ್ನನ್ನು ಕರೆಸಿದ್ದರು, ಮೆಷಿನ್ ಅರ್ಧರ್ಧ ಗಂಟೆಗೆ ನಿಲ್ಲುತ್ತಿತ್ತು. ಸೆನ್ಸರ್ ಬದಲಾಯಿಸಿದೆವು, ಪವರ್ ಸಪ್ಲೈ ಬದಲಾಯಿಸಿದೆವು. ಕೊನೆಗೆ ನೋಡಿದರೆ ಮೇಲಿನ ಮಹಡಿಯ ಮೀಟಿಂಗ್ ರೂಮ್‌ನಲ್ಲಿ ಒಂದೇ ಕೇಬಲ್‌ನ ಎರಡೂ ತುದಿ ಒಂದೇ ಸ್ವಿಚ್‌ನಲ್ಲಿದ್ದವು, ಯಾರೋ ಮೀಟಿಂಗ್ ಮುಗಿಸಿ ಹೋಗುವಾಗ ನೇತಾಡುತ್ತಿದ್ದ ತುದಿಯನ್ನು ಒಳ್ಳೆಯ ಮನಸ್ಸಿನಿಂದಲೇ ಸಿಕ್ಕಿಸಿ ಹೋಗಿದ್ದರು. ಹಾಗೆ ಸಿಕ್ಕಿಸಿದರೆ ಸಂದೇಶಗಳು ಅಲ್ಲೇ ಸುತ್ತುತ್ತ ಹೆಚ್ಚುತ್ತಲೇ ಹೋಗುತ್ತವೆ, ಆ ಗಲಾಟೆ ಆಗಾಗ ಕೆಳಗಿನ ಲೈನ್ ತನಕ ಹರಿಯುತ್ತಿತ್ತು. ಆ ದಿನ ಇಡೀ ಒಂದು ಶಿಫ್ಟ್ ಹೋಯಿತು, ಆಪರೇಟರ್‌ಗಳು ಬೈಸಿಕೊಂಡರು. ತಪ್ಪು ಅವರದ್ದಾಗಿರಲಿಲ್ಲ.

ಹಾಗಾದರೆ ಮಾಡುವುದು ಹೇಗೆ? ಹಳ್ಳಿ ಮನೆಯ ಜಗಲಿ ನೆನಪಿಸಿಕೊಳ್ಳಿ. ಬಂದವರು ಜಗಲಿ ತನಕ ಬರುತ್ತಾರೆ, ಬೇಕಾದ್ದನ್ನು ಒಳಗಿನವರು ಅಲ್ಲಿಗೆ ತಂದು ಕೊಡುತ್ತಾರೆ. ಬಂದವರು ನೇರ ಅಡುಗೆಮನೆಗೆ ನುಗ್ಗುವುದಿಲ್ಲ, ಅಲ್ವಾ? ನೆಟ್‌ವರ್ಕ್‌ನವರು ಇದನ್ನೇ ಡಿಎಂಜೆಡ್ ಅನ್ನುತ್ತಾರೆ. ಮೆಷಿನ್‌ಗಳಿಗೆ ಬೇರೆಯದೇ ನೆಟ್‌ವರ್ಕ್ ಮಾಡಿ, ಅದಕ್ಕೆ ಬೇರೆ ಸ್ವಿಚ್ ಇರಲಿ, ಸೆಟ್ಟಿಂಗ್ ಮಾಡಬಹುದಾದ ಮ್ಯಾನೇಜ್ಡ್ ಸ್ವಿಚ್ಚೇ ತೆಗೆದುಕೊಳ್ಳಿ. ಅದರೊಳಗೆ ಒಂದು ಡೇಟಾ ತೆಗೆಯುವ ಕಂಪ್ಯೂಟರ್ ಇಡಿ. ಅದು ಮಾತ್ರ ಹನ್ನೆರಡು ಪಿಎಲ್‌ಸಿಗಳನ್ನು ಓದಲಿ, ಪೀಸ್ ಎಣಿಕೆಗೆ ಸೆಕೆಂಡಿಗೆ ಒಂದು ಸಲ ಓದಿದರೆ ಧಾರಾಳ. ಓದಿದ್ದನ್ನು ಅದು ಜಗಲಿಯಲ್ಲಿರುವ ಸರ್ವರ್‌ಗೆ ತಾನೇ ತಳ್ಳಲಿ. ಇಆರ್‌ಪಿ ಬಂದು ಜಗಲಿಯಿಂದ ತೆಗೆದುಕೊಳ್ಳಲಿ. ಎರಡೂ ಕಡೆ ನಡುವೆ ಫೈರ್‌ವಾಲ್. ಅದರಲ್ಲಿ ಮೊದಲು ಎಲ್ಲವನ್ನೂ ಮುಚ್ಚಿ, ಆಮೇಲೆ ಬೇಕಾದ ಒಂದೆರಡು ದಾರಿ ಮಾತ್ರ ತೆರೆಯಿರಿ. ಇಲ್ಲಿ ಐಟಿಯವರ ಜೊತೆ ಕೂತು ನೀವು ಹಟ ಹಿಡಿಯಬೇಕಾದ ವಿಷಯ ಒಂದೇ: ಸಂಪರ್ಕ ಶುರು ಮಾಡುವವರು ಯಾರು. ಒಳಗಿನಿಂದ ಹೊರಗೆ ಶುರುವಾಗಬೇಕು. ಆಫೀಸ್ ಕಡೆಯಿಂದ ಪಿಎಲ್‌ಸಿಯ ಐಪಿಗೆ ಪಿಂಗ್ ಮಾಡಿದರೂ ("ಇದ್ದೀಯಾ" ಅಂತ ಕೇಳಿದರೂ) ಉತ್ತರ ಬರಬಾರದು. ಪಿಎಲ್‌ಸಿಯ ಸೆಟ್ಟಿಂಗ್‌ನಲ್ಲಿ ಗೇಟ್‌ವೇ ವಿಳಾಸವನ್ನು ಖಾಲಿ ಬಿಟ್ಟರೆ ಇನ್ನೂ ಒಳ್ಳೆಯದು, ತನ್ನ ನೆಟ್‌ವರ್ಕ್ ದಾಟಿ ಉತ್ತರ ಕೊಡಲು ಅದಕ್ಕೆ ದಾರಿಯೇ ಗೊತ್ತಿರುವುದಿಲ್ಲ.

ತುಂಬ ಕಡೆ ಇದರ ಬದಲು ಮೆಷಿನ್‌ಗಳನ್ನು ಪರದೆಯಲ್ಲಿ ತೋರಿಸುವ ಸ್ಕಾಡಾ ಪಿಸಿಗೆ ಎರಡು ಲ್ಯಾನ್ ಕಾರ್ಡ್ ಹಾಕುತ್ತಾರೆ, ಒಂದು ಮೆಷಿನ್ ಕಡೆಗೆ, ಒಂದು ಆಫೀಸ್ ಕಡೆಗೆ. ಖರ್ಚು ಕಡಿಮೆ, ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ. ದಯವಿಟ್ಟು ಮಾಡಬೇಡಿ. ಆ ಪಿಸಿಯಲ್ಲಿ ಇರುವುದು ಸಾಮಾನ್ಯವಾಗಿ ಹಳೇ ವಿಂಡೋಸ್. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಸಪೋರ್ಟ್ ನಿಂತದ್ದು 2020ರ ಜನವರಿಯಲ್ಲಿ. ಆ ಒಂದು ಪಿಸಿಗೆ ವೈರಸ್ ಹೊಕ್ಕರೆ ಅದೇ ಎರಡೂ ಕಡೆಗೆ ಸೇತುವೆ ಆಯಿತು.

ಇನ್ನೊಂದು ತೊಂದರೆ ನಿಮಗೆ ಮೊದಲ ದಿನವೇ ಸಿಗುತ್ತದೆ. ಮೆಷಿನ್ ಮಾಡಿದವರಲ್ಲಿ ಎಷ್ಟೋ ಜನ ಪಿಎಲ್‌ಸಿಗೆ 192.168.0.1 ಅಂತಲೇ ಐಪಿ ಕೊಟ್ಟಿರುತ್ತಾರೆ, ಒಂದೇ ನೆಟ್‌ವರ್ಕ್‌ನಲ್ಲಿ ಇಬ್ಬರಿಗೆ ಒಂದೇ ವಿಳಾಸ ನಡೆಯುವುದಿಲ್ಲ. ಐಪಿ ಬದಲಾಯಿಸಲು ಹೋದರೆ ಅದರ ಎಚ್‌ಎಂಐ (ಆಪರೇಟರ್ ಪರದೆ), ಡ್ರೈವ್ ಎಲ್ಲದರಲ್ಲೂ ಬದಲಾಯಿಸಬೇಕು. ಅದರ ಬದಲು ಮೆಷಿನ್‌ಗೊಂದು, ಹೊರಗೆ ಬೇರೆ ವಿಳಾಸ ತೋರಿಸುವ ಸಣ್ಣ ನ್ಯಾಟ್ ರೂಟರ್ ಹಾಕಿದರೆ ಒಳಗಿನದನ್ನು ಮುಟ್ಟುವುದೇ ಬೇಡ.

ಮುಂದೆ ಎಂಡಿ "ವರ್ಕ್ ಆರ್ಡರ್ ಕೂಡ ಇಆರ್‌ಪಿಯಿಂದಲೇ ಮೆಷಿನ್‌ಗೆ ಹೋಗಲಿ" ಅನ್ನುತ್ತಾರೆ, ಖಂಡಿತ ಅನ್ನುತ್ತಾರೆ. ಆಗಲೂ ಇದೇ ಜಗಲಿ. ಇಆರ್‌ಪಿ ಆರ್ಡರನ್ನು ಅಲ್ಲಿ ಇಟ್ಟು ಹೋಗಲಿ, ಒಳಗಿನ ಕಂಪ್ಯೂಟರ್ ತಾನೇ ಬಂದು ಎತ್ತಿಕೊಳ್ಳಲಿ. ಎಚ್‌ಎಂಐ ಮೇಲೆ ಆಪರೇಟರ್ ನೋಡಿ ಒತ್ತಿದ ಮೇಲಷ್ಟೇ ಅದು ಜಾರಿಗೆ ಬರಲಿ. ಬಂದ ಸಂಖ್ಯೆ ಮಿತಿಯೊಳಗಿದೆಯಾ ಅಂತ ಪಿಎಲ್‌ಸಿ ಪ್ರೋಗ್ರಾಂ ಸ್ವತಃ ನೋಡಬೇಕು. ಸ್ಪೀಡ್ 80 ಮೀರಬಾರದ ಕಡೆ 800 ಬಂದರೆ ಅದನ್ನು ತಿರಸ್ಕರಿಸುವ ಎರಡು ಸಾಲು ಲ್ಯಾಡರ್ (ಪಿಎಲ್‌ಸಿ ಪ್ರೋಗ್ರಾಂ) ಬರೆಯಲು ಎಷ್ಟು ಹೊತ್ತು ಬೇಕು ಹೇಳಿ.

ಪ್ರಶ್ನೆ: ನಾನು ಕಂಪನಿಯ ಐಟಿ ವಿಭಾಗದಲ್ಲಿದ್ದೇನೆ. ಪ್ಲಾಂಟ್‌ನಲ್ಲಿ ಏನೇನು ಸಾಧನ ಇವೆ ಅನ್ನುವ ಪಟ್ಟಿಯೇ ನಮ್ಮ ಹತ್ತಿರ ಇಲ್ಲ. ಆಫೀಸ್‌ನಲ್ಲಿ ಮಾಡುವ ಹಾಗೆ ನೆಟ್‌ವರ್ಕ್ ಸ್ಕ್ಯಾನ್ ಓಡಿಸಿ ಪಟ್ಟಿ ಮಾಡಬಹುದಾ?
- ಐಟಿ ಅಡ್ಮಿನ್, ಮೈಸೂರು

ಉತ್ತರ: ಮೆಷಿನ್ ಓಡುತ್ತಿರುವಾಗ ಬೇಡವೇ ಬೇಡ. ಅಮೆರಿಕದ ನಿಸ್ಟ್ ಸಂಸ್ಥೆ ಹೊರತಂದಿರುವ 800-82 ಕೈಪಿಡಿಯಲ್ಲಿ ಒಂದು ಘಟನೆ ಇದೆ. ರೋಬೋಟ್ ತೋಳುಗಳಿದ್ದ ನೆಟ್‌ವರ್ಕ್‌ನಲ್ಲಿ ಬರೀ ಪಿಂಗ್ ಸ್ಕ್ಯಾನ್ ಮಾಡಿದರು. ಸುಮ್ನೆ ನಿಂತಿದ್ದ 9 ಅಡಿಯ ಒಂದು ತೋಳು ಎಚ್ಚರವಾಗಿ 180 ಡಿಗ್ರಿ ಬೀಸಿ ತಿರುಗಿತು. ಅಲ್ಲಿದ್ದ ಮನುಷ್ಯ ಅದರ ಅಳತೆಯಿಂದ ಹೊರಗಿದ್ದ, ಬದುಕಿಕೊಂಡ. ಇನ್ನೊಂದು ಕಡೆ ಇಂಥದೇ ಸ್ಕ್ಯಾನ್‌ನಿಂದ ಚಿಪ್ ಮಾಡುವ ಘಟಕದ ಕಂಟ್ರೋಲ್ ಸಿಸ್ಟಮ್ ನಿಂತು 50,000 ಡಾಲರ್ ಬೆಲೆಯ ವೇಫರ್‌ಗಳು (ಚಿಪ್ ಮಾಡುವ ಸಿಲಿಕಾನ್ ಬಿಲ್ಲೆಗಳು) ಹಾಳಾದವು ಅಂತಲೂ ಅದರಲ್ಲೇ ಇದೆ.

ಸ್ವಿಚ್‌ನ ಒಂದು ಪೋರ್ಟನ್ನು ಮಿರರ್ ಮಾಡಿ (ಟ್ರಾಫಿಕ್‌ನ ನಕಲು ಅಲ್ಲಿಗೆ ಬರುವ ಹಾಗೆ), ಓಡಾಡುವ ಟ್ರಾಫಿಕ್ಕನ್ನು ಬರೀ ಕೇಳಿಸಿಕೊಳ್ಳಿ. ಒಂದು ವಾರ ಕೇಳಿಸಿಕೊಂಡರೆ ಮುಕ್ಕಾಲು ಪಟ್ಟಿ ತಾನಾಗಿ ಆಗುತ್ತದೆ. ಮಿಕ್ಕಿದ್ದಕ್ಕೆ ಮೇಂಟೆನೆನ್ಸ್‌ನವರ ಜೊತೆ ನೋಟ್‌ಬುಕ್ ಹಿಡಿದು ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ನಡೆಯಿರಿ. ನಿಮಗೂ ಅವರಿಗೂ ಮಾತುಕತೆ ಶುರುವಾಗಲು ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಪ್ರಶ್ನೆ: ನಮ್ಮ ಫೌಂಡ್ರಿಗೆ ಹೊಸ ಮೆಷಿನ್ ಕೊಟ್ಟವರು ಪ್ಯಾನೆಲ್ ಒಳಗೆ 4ಜಿ ರೂಟರ್ ಇಟ್ಟಿದ್ದಾರೆ. ತೊಂದರೆ ಆದರೆ ಅಲ್ಲಿಂದಲೇ ಸರಿಮಾಡುತ್ತಾರಂತೆ. ಅನುಕೂಲವೇ ಆಯಿತಲ್ಲವೇ?
- ಮಾಲೀಕರು, ಬೆಳಗಾವಿ

ಉತ್ತರ: ಅನುಕೂಲ ನಿಜ, ರಾತ್ರಿ ಬ್ರೇಕ್‌ಡೌನ್ ಆದಾಗ ಎಂಜಿನಿಯರ್ ಬಸ್ ಹತ್ತಿ ಬರುವ ತನಕ ಫರ್ನೇಸ್ ಕಾಯುವುದಿಲ್ಲ. ಆದರೆ ನೀವು ಕಟ್ಟಿದ ಫೈರ್‌ವಾಲ್ ಎಷ್ಟೇ ಗಟ್ಟಿ ಇರಲಿ, ಅದರ ಪಕ್ಕದಲ್ಲೇ ಈ ರೂಟರ್ ಇನ್ನೊಂದು ಬಾಗಿಲು. 2003ರ ಜನವರಿಯಲ್ಲಿ ಅಮೆರಿಕದ ಓಹಾಯೊದ ಡೇವಿಸ್-ಬೆಸ್ ಅಣು ಸ್ಥಾವರಕ್ಕೆ ಸ್ಲ್ಯಾಮರ್ ವರ್ಮ್ (ತಾನಾಗಿ ಹರಡುವ ವೈರಸ್) ಬಂದದ್ದು ಹೀಗೆಯೇ, ಫೈರ್‌ವಾಲ್ ತಪ್ಪಿಸಿ ಹೋಗುತ್ತಿದ್ದ ಗುತ್ತಿಗೆದಾರರ ಲೈನ್‌ನಿಂದ. ಸುರಕ್ಷತೆಯ ಮಾಹಿತಿ ತೋರಿಸುವ ಪರದೆ ಸುಮಾರು 5 ಗಂಟೆ ಸತ್ತಿತ್ತು. ರಿಯಾಕ್ಟರ್ ಆಗ ರಿಪೇರಿಗೆ ಅಂತ ಮೊದಲೇ ನಿಂತಿತ್ತು, ಅದೊಂದು ಪುಣ್ಯ.

ರೂಟರ್ ತೆಗೆಸಬೇಕಿಲ್ಲ. ಅದರ 24 ವೋಲ್ಟ್ ಸಪ್ಲೈಗೆ ಒಂದು ಕೀ ಸ್ವಿಚ್ ಹಾಕಿಸಿ, ಬೀಗದ ಕೈ ನಿಮ್ಮ ಮೇಂಟೆನೆನ್ಸ್ ಇನ್‌ಚಾರ್ಜ್ ಹತ್ತಿರ ಇರಲಿ. ಮೆಷಿನ್ ಕೊಟ್ಟವರು ಫೋನ್ ಮಾಡಿ ಕೇಳಿದಾಗ ಆನ್, ಕೆಲಸ ಮುಗಿದಾಗ ಆಫ್, ಎರಡನ್ನೂ ಲಾಗ್‌ಬುಕ್‌ನಲ್ಲಿ ಬರೆಯಿರಿ. ಪಿಎಲ್‌ಸಿ ಮೇಲೆ ರನ್-ಪ್ರೋಗ್ರಾಂ ಕೀ (ಪ್ರೋಗ್ರಾಂ ಬದಲಾಯಿಸಲು ಬಿಡುವ, ತಡೆಯುವ ಕೀ) ಇದ್ದರೆ ಕೆಲಸ ಆದ ಮೇಲೆ ಅದನ್ನು ರನ್‌ಗೆ ತಿರುಗಿಸಿ ಕೀಲಿ ಕಿತ್ತಿಟ್ಟುಕೊಳ್ಳಿ. 2017ರಲ್ಲಿ ಸೌದಿ ಅರೇಬಿಯಾದ ಪೆಟ್ರೋಕೆಮಿಕಲ್ ಘಟಕದ ಸೇಫ್ಟಿ ಕಂಟ್ರೋಲರ್‌ಗೆ ಟ್ರೈಟಾನ್ ಅನ್ನುವ ಮಾಲ್‌ವೇರ್ ಹೊಕ್ಕಾಗ ಆ ಕೀ ಪ್ರೋಗ್ರಾಂ ಕಡೆಗೇ ಇತ್ತು. ಇನ್ನೊಂದು ಮಾತು, ದಾಳಿ ಆಯಿತು ಅಂತ ಗೊತ್ತಾದರೆ 6 ಗಂಟೆಯೊಳಗೆ ಸರ್ಟ್-ಇನ್‌ಗೆ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) ತಿಳಿಸಬೇಕು ಅಂತ 2022ರಿಂದ ನಿಯಮ ಇದೆ. ಆ ವಿಳಾಸ ಈಗಲೇ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಸಕ್ಕರೆ ಕಾರ್ಖಾನೆ ನಮ್ಮದು. ಪಿಎಲ್‌ಸಿ ಹಳೆಯದು, ಬರೀ ಸೀರಿಯಲ್ ಪೋರ್ಟ್. ಇದರಿಂದಲೂ ಆಫೀಸ್‌ಗೆ ಡೇಟಾ ಕೊಡಬಹುದಾ?
- ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್, ಬಾಗಲಕೋಟೆ ಜಿಲ್ಲೆ

ಉತ್ತರ: ಕೊಡಬಹುದು. ಮಾಡ್‌ಬಸ್ ಆರ್‌ಟಿಯು (ಸೀರಿಯಲ್ ವೈರ್ ಮೇಲಿನ ಮಾಡ್‌ಬಸ್) ಇದ್ದರೆ ಒಂದು ಸೀರಿಯಲ್-ಈಥರ್ನೆಟ್ ಗೇಟ್‌ವೇ ಸಾಕು. ಬರೆಯುವ ಆಜ್ಞೆಗಳನ್ನು ತಡೆಯುವ ಸೌಲಭ್ಯ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಒಂದೊಂದು ಪ್ರಶ್ನೋತ್ತರಕ್ಕೂ ಸಮಯ ಹಿಡಿಯುತ್ತದೆ, ಹಾಗಾಗಿ ಬೇಕಾದ ರಿಜಿಸ್ಟರ್‌ಗಳನ್ನು ಒಂದೇ ಕಡೆ ಸಾಲಾಗಿ ಜೋಡಿಸಿಕೊಂಡು ಒಂದೇ ಸಲ ಓದಿ. ಆ ಪೋರ್ಟ್‌ಗೆ ಈಗಾಗಲೇ ಎಚ್‌ಎಂಐ ಸೇರಿದ್ದರೆ ಅದನ್ನು ಹಂಚಿಕೊಳ್ಳಲು ಹೋಗಬೇಡಿ, ಇಬ್ಬರೂ ಒಟ್ಟಿಗೆ ಮಾತಾಡಿ ಎರಡೂ ಕೆಡುತ್ತವೆ. ಕಬ್ಬು ಅರೆಯುವ ಸೀಸನ್ ನಡೆಯುವಾಗ ಕೈ ಹಾಕಬೇಡಿ. ಆಫ್ ಸೀಸನ್‌ನಲ್ಲಿ ನಿಧಾನವಾಗಿ ಮಾಡಿ.

ಪ್ರಶ್ನೆ: ಇಷ್ಟೆಲ್ಲ ಅಪಾಯ ಇದ್ದರೆ ಸೇರಿಸುವುದೇ ಬೇಡ ಅಂದುಬಿಟ್ಟರೆ ಆಗುವುದಿಲ್ಲವೇ?
- ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಕೆಲವು ಕಡೆ ಅದೇ ಸರಿ. ಬಾಯ್ಲರ್‌ನ ಸೇಫ್ಟಿ ಕಂಟ್ರೋಲರನ್ನು ಆಫೀಸ್ ಕಡೆಗೆ ಸೇರಿಸಬೇಕು ಅಂತ ಯಾರಾದರೂ ಬಂದರೆ ನಾನು ಒಪ್ಪುವುದಿಲ್ಲ. ಆದರೆ ಕೇಬಲ್ ಇಲ್ಲ ಅಂದ ಮಾತ್ರಕ್ಕೆ ದಾರಿ ಇಲ್ಲ ಅಂತಲ್ಲ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಅನ್ನುವ ಮಾಲ್‌ವೇರ್ ಇರಾನಿನ ನತಾಂಜ್ ಅಣು ಕೇಂದ್ರದ ಸೀಮೆನ್ಸ್ ಪಿಎಲ್‌ಸಿಗಳನ್ನು ಗುರಿಯಾಗಿಸಿಕೊಂಡಿತ್ತು. ಇಂಟರ್‌ನೆಟ್ ಸಂಪರ್ಕ ಇಲ್ಲದ ಕಡೆಗೂ ಹೋಗಲಿ ಅಂತಲೇ ಅದು ಪೆನ್‌ಡ್ರೈವ್ ಮೂಲಕ ಹರಡುವ ಹಾಗೆ ಮಾಡಿದ್ದರು. 2018ರ ಆಗಸ್ಟ್‌ನಲ್ಲಿ ತೈವಾನಿನ ಟಿಎಸ್‌ಎಂಸಿಯ ಚಿಪ್ ಘಟಕಗಳು ನಿಂತದ್ದು ವೈರಸ್ ಇದೆಯಾ ಅಂತ ನೋಡದೆ ಸೇರಿಸಿದ ಒಂದು ಹೊಸ ಮೆಷಿನ್‌ನಿಂದ. ನಮ್ಮಲ್ಲಿ ಪ್ರೋಗ್ರಾಮಿಂಗ್ ಲ್ಯಾಪ್‌ಟಾಪ್ ಹಗಲು ಪ್ಯಾನೆಲ್‌ಗೆ, ರಾತ್ರಿ ಮನೆಯ ವೈಫೈಗೆ ಸೇರುತ್ತದೆ. ಮೊದಲು ಅದನ್ನು ನಿಲ್ಲಿಸಬೇಕು. ಪ್ಲಾಂಟ್‌ಗೆ ಅಂತಲೇ ಒಂದು ಲ್ಯಾಪ್‌ಟಾಪ್ ಇರಲಿ, ಅದರಲ್ಲಿ ಮೇಲ್ ಕೂಡ ಬೇಡ.

ಪ್ರಶ್ನೆ: ಪಿಎಲ್‌ಸಿ ಪ್ರೋಗ್ರಾಂ ಬ್ಯಾಕಪ್ ಇಟ್ಟಿಲ್ಲ. ಬೇಕಾದಾಗ ಪಿಎಲ್‌ಸಿಯಿಂದಲೇ ಅಪ್‌ಲೋಡ್ ಮಾಡಿಕೊಂಡರೆ ಸಾಕಲ್ಲ?
- ಎಲೆಕ್ಟ್ರಿಷಿಯನ್, ಹೊಸಕೋಟೆ

ಉತ್ತರ: ಪಿಎಲ್‌ಸಿ ಕೆಟ್ಟ ದಿನ ಯಾವುದರಿಂದ ಅಪ್‌ಲೋಡ್ ಮಾಡುತ್ತೀರಿ? ಚೆನ್ನಾಗಿರುವಾಗ ಮಾಡಿದರೂ ಸೀಮೆನ್ಸ್ ಎಸ್7-300ನಂಥ ಹಳೆಯವುಗಳಲ್ಲಿ ಸಿಂಬಲ್ ಹೆಸರು, ಕಾಮೆಂಟ್ ಯಾವುದೂ ಬರುವುದಿಲ್ಲ. ಬರೀ ವಿಳಾಸಗಳು ಸಿಗುತ್ತವೆ, ಎಂ 10.3 ಅಂದರೆ ಏನು ಅಂತ ರಾತ್ರಿ ಎರಡು ಗಂಟೆಗೆ ಯಾರನ್ನು ಕೇಳುವುದು? ಇರುವ ಮೆಷಿನ್‌ಗಳಿಗೆ ಈ ವಾರವೇ ಅಪ್‌ಲೋಡ್ ಮಾಡಿ, ನೆಟ್‌ವರ್ಕ್‌ಗೆ ಸೇರದ ಒಂದು ಹಾರ್ಡ್ ಡಿಸ್ಕ್‌ನಲ್ಲಿ ಇಡಿ. ಮೂಲ ಪ್ರಾಜೆಕ್ಟ್ ಫೈಲ್‌ಗೆ ಮೆಷಿನ್ ಮಾಡಿದವರನ್ನು ಕೇಳಿ. ಹೊಸ ಮೆಷಿನ್ ಬರುವುದಿದ್ದರೆ, ಪ್ರಾಜೆಕ್ಟ್ ಫೈಲ್ ಮತ್ತು ಪಾಸ್‌ವರ್ಡ್ ಕೈಗೆ ಬಂದ ಮೇಲೆಯೇ ಕೊನೆಯ ಕಂತು ಅಂತ ಪರ್ಚೇಸ್ ಆರ್ಡರ್‌ನಲ್ಲೇ ಬರೆಸಿಬಿಡಿ.