ಕ್ಯಾಮ್ ಕೂರಿಸಿದ ಕಥೆ ಒಂದೇ ಸಾಲಿಗೆ ಮುಗಿದುಹೋಯಿತೇ?

ನಮಸ್ಕಾರ,

ನೀವು ಕಳಿಸಿದ ‘ಹಳೇ ಸಿಂಹಕ್ಕೆ ಹೊಸ ಘರ್ಜನೆ’ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ‘ಕ್ಷಮಿಸಿ’ ಅಂತ ಒಂದು ಸಾಲು ಬರೆದು ಸುಮ್ನೆ ವಾಪಸ್ ಕಳಿಸುವಂಥ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಓದಿದ ಪ್ರಕಾರ ಕಥೆ ಇಷ್ಟು. ಇಂಗ್ಲೆಂಡಿನಲ್ಲಿರುವ ನೀವು 1989ರ ಪ್ಯೂಜೊ 205 ಜಿಟಿಐ 1.9 ಕೊಂಡಿರಿ. ಅದರ ಕ್ಯಾಮ್‌ಶಾಫ್ಟ್, ಅಂದರೆ ತನ್ನ ಉಬ್ಬುಗಳಿಂದ ಎಂಜಿನ್ನಿನ ವಾಲ್ವ್ ತೆರೆಯುವ ದಂಡ, ತೆಗೆದು 285 ಡಿಗ್ರಿಯ (ಕ್ರ್ಯಾಂಕ್ ಅಷ್ಟು ತಿರುಗುವವರೆಗೆ ವಾಲ್ವ್ ತೆರೆದಿಡುವ) ಬಿರುಸಾದ ಕ್ಯಾಮ್ ಹಾಕಿಸಿದಿರಿ. 130 ಅಶ್ವಶಕ್ತಿ ಇದ್ದ ಪವರ್ 160 ಆಯಿತು. ನಿಮಗೆ ಖುಷಿಯಾಯಿತು.

ಮೊದಲ ಎರಡು ಪುಟ ಬರೀ ಕಾರಿನ ವರ್ಣನೆ. ಕೆಂಪು ಕಾರ್ಪೆಟ್ಟು, 80ರ ದಶಕದ ಹುಚ್ಚು, ಎಲ್ಲ ಇದೆ. ಒಂದು ಪ್ಯಾರಾಕ್ಕೆ ಇಳಿಸಿ. ನಮ್ಮ ಓದುಗರಲ್ಲಿ ಜಾಸ್ತಿ ಜನ ಈ ಕಾರನ್ನು ಕಣ್ಣಲ್ಲಿ ಕಂಡಿಲ್ಲ. 90ರ ದಶಕದಲ್ಲಿ ಮುಂಬೈ ಪಕ್ಕದ ಕಲ್ಯಾಣ್‌ನಲ್ಲಿ ತಯಾರಾಗುತ್ತಿದ್ದ ಪ್ಯೂಜೊ 309 ಕೆಲವರಿಗೆ ನೆನಪಿರಬಹುದು. ಯುರೋಪಿನಲ್ಲಿ ಅದೇ 309ರ ಜಿಟಿಐಗೂ ನಿಮ್ಮ ಕಾರಿನ 1905 ಸಿಸಿ ಎಂಜಿನ್ನನ್ನೇ ಹಾಕುತ್ತಿದ್ದರು. ಅಲ್ಲಿಂದ ಹಿಡಿದುಕೊಂಡರೆ ಓದುಗ ಬೇಗ ಒಳಗೆ ಬರುತ್ತಾನೆ.

ಈಗ ವಿಷಯಕ್ಕೆ. 285 ಡಿಗ್ರಿಯದ್ದೇ ಯಾಕೆ ಬೇಕಿತ್ತು? ಬರಹದಲ್ಲಿ ಎಲ್ಲೂ ಉತ್ತರ ಇಲ್ಲ. ‘ಅಂಗಡಿಯವರು ಇದೇ ಬೆಸ್ಟ್ ಅಂದರು’ ಅನ್ನುವುದು ಉತ್ತರವಲ್ಲ. ಅದಾದ ಮೇಲೆ, ಆರನೇ ಪುಟದಲ್ಲಿ, ‘ಪೇಟೆಯಲ್ಲಿ ಸ್ವಲ್ಪ ಗೇರ್ ಇಳಿಸಿಕೊಂಡು ಓಡಿಸಬೇಕು, ಅದೇನೂ ದೊಡ್ಡ ವಿಷಯವಲ್ಲ’ ಅಂತ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಸ್ವಾಮಿ, ಅದೇ ದೊಡ್ಡ ವಿಷಯ! 1.6 ಜಿಟಿಐಯಲ್ಲಿ ಪಿಸ್ಟನ್ನಿನ ಓಟ 73 ಮಿ.ಮೀ., ನಿಮ್ಮ 1.9ರಲ್ಲಿ 88. ಕಡಿಮೆ ಆರ್‌ಪಿಎಂನಲ್ಲೇ ಎಳೆಯುತ್ತೆ ಅಂತಲೇ ಜನ ಈ ಎಂಜಿನ್ ಇಷ್ಟಪಡುವುದು, ನೀವು ದುಡ್ಡು ಕೊಟ್ಟು ಆ ಗುಣವನ್ನೇ ಬಿಟ್ಟುಕೊಟ್ಟಿದ್ದೀರಿ. ಯಾಕೆ ಬಿಟ್ಟುಕೊಟ್ಟಿರಿ, ಬದಲಿಗೆ ಏನು ಸಿಕ್ಕಿತು ಅನ್ನುವುದೇ ನಿಮ್ಮ ಬರಹ.

ಅದನ್ನು ಹೇಳಬೇಕಾದರೆ ಒಳಗೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕು. ಡಿಗ್ರಿ ಜಾಸ್ತಿಯಾದಷ್ಟೂ ವಾಲ್ವ್ ಹೆಚ್ಚು ಹೊತ್ತು ತೆರೆದಿರುತ್ತೆ. ಗಾಳಿ ಒಳಬಿಡುವ ಇನ್‌ಲೆಟ್ ವಾಲ್ವ್ ತಡವಾಗಿ ಮುಚ್ಚುವುದರಿಂದ, ಕಡಿಮೆ ವೇಗದಲ್ಲಿ ಮೇಲೆ ಬರುವ ಪಿಸ್ಟನ್ ಒಳಗೆ ಬಂದ ಗಾಳಿಯಲ್ಲಿ ಒಂದಿಷ್ಟನ್ನು ಬಂದ ದಾರಿಯಲ್ಲೇ ಹೊರಗೆ ತಳ್ಳುತ್ತೆ. ವೇಗ ಏರಿದ ಮೇಲೆ ಅದೇ ಗಾಳಿ ತನ್ನ ರಭಸಕ್ಕೆ ನುಗ್ಗುತ್ತಲೇ ಇರುವುದರಿಂದ ಸಿಲಿಂಡರ್ ಇನ್ನೂ ಚೆನ್ನಾಗಿ ತುಂಬುತ್ತೆ. ಇನ್‌ಲೆಟ್ ಮತ್ತು ಹೊಗೆ ಹೊರಬಿಡುವ ಎಕ್ಸಾಸ್ಟ್, ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಓವರ್‌ಲ್ಯಾಪ್ ಕೂಡ ಸಾಮಾನ್ಯವಾಗಿ ಜಾಸ್ತಿಯಾಗುತ್ತೆ. ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಸುಮ್ನೆ ತಿರುಗುವಾಗ, ಇನ್‌ಲೆಟ್‌ನ ವ್ಯಾಕ್ಯೂಮ್ ಕಡಿಮೆಯಾಗುತ್ತೆ, ಅದರ ಬಲದಿಂದ ಬ್ರೇಕ್ ಹಗುರ ಮಾಡುವ ಸರ್ವೋಗೂ ಕಡಿಮೆ ಸಿಗುತ್ತೆ. ನಿಮ್ಮ ಕಾರಿನ ಪೆಟ್ರೋಲ್ ಇಂಜೆಕ್ಷನ್ ಬಾಷ್ ಎಲ್-ಜೆಟ್ರಾನಿಕ್. ಬರುವ ಗಾಳಿಯನ್ನು ಒಂದು ರೆಕ್ಕೆ ಎಷ್ಟು ವಾಲುತ್ತೆ ಅನ್ನುವುದರಿಂದ ಅಳೆಯುತ್ತೆ. ಇನ್‌ಲೆಟ್‌ನಲ್ಲಿ ಗಾಳಿ ಹಿಂದೆಮುಂದೆ ಅದುರಿದರೆ ಆ ರೆಕ್ಕೆಯೂ ಪಟಪಟ ಅನ್ನುತ್ತೆ, ಲೆಕ್ಕ ತಪ್ಪುತ್ತೆ, ಐಡಲ್ ಏರಿಳಿಯುತ್ತೆ. ‘ಸಿಗ್ನಲ್ಲಿನಲ್ಲಿ ಗಾಡಿ ಗುಟುರು ಹಾಕುತ್ತಿತ್ತು’ ಅಂತ ಹೆಮ್ಮೆಯಿಂದ ಬರೆದಿದ್ದೀರಲ್ಲ, ಅದಕ್ಕೆ ಕಾರಣ ಇದೇ ಇರಬೇಕು. 285ರಂಥ ಕ್ಯಾಮ್‌ಗೆ ಸರಿಯಾದ ಜಾಗ ಜೋಡಿ ಕಾರ್ಬುರೇಟರ್ ಅಥವಾ ಥ್ರಾಟಲ್ ಬಾಡಿ ಇರುವ, ಕಂಪ್ರೆಷನ್ ಏರಿಸಿದ ಎಂಜಿನ್. ಮೂಲ ಇಂಜೆಕ್ಷನ್ ಇಟ್ಟುಕೊಂಡು ರಸ್ತೆಯಲ್ಲಿ ಓಡಿಸುವವರು ಸುಮಾರು 270ರ ಆಸುಪಾಸಿನಲ್ಲೇ ನಿಲ್ಲುವುದು ವಾಸಿ. ಇದು ನನ್ನ ಅಭಿಪ್ರಾಯ, ನೀವು ಒಪ್ಪಬೇಕಿಲ್ಲ, ಆದರೆ ಬರಹದಲ್ಲಿ ಈ ಪ್ರಶ್ನೆಗೆ ಎದುರಾಗಲೇಬೇಕು.

ಹಾಗೆಯೇ ಎರಡು ಕಂಪನಿಗಳ ಡಿಗ್ರಿಯನ್ನು ಪಕ್ಕಪಕ್ಕ ಇಟ್ಟು ಹೋಲಿಸಿದ್ದೀರಿ. ಒಬ್ಬರು ವಾಲ್ವ್ ಅಲುಗಿದ ಕ್ಷಣದಿಂದ ಅಳೆಯುತ್ತಾರೆ, ಇನ್ನೊಬ್ಬರು 1 ಮಿ.ಮೀ. ಎದ್ದ ಮೇಲೆ. ಅಳೆಯುವ ರೀತಿ ಒಂದೇ ಇಲ್ಲದಿದ್ದರೆ ಆ ಹೋಲಿಕೆ ಕಸದ ಬುಟ್ಟಿಗೆ. ಟಿಡಿಸಿಯಲ್ಲಿ, ಅಂದರೆ ಪಿಸ್ಟನ್ ತೀರಾ ಮೇಲಿರುವಾಗ, ವಾಲ್ವ್ ಎಷ್ಟು ಎದ್ದಿರುತ್ತೆ ಅನ್ನುವ ಅಂಕಿ ಕೊಡಿ, ಕ್ಯಾಮ್ ಎಷ್ಟು ಬಿರುಸು ಅಂತ ಅದು ಚೆನ್ನಾಗಿ ಹೇಳುತ್ತೆ. ಎಂಒಟಿ, ಅಂದರೆ ಬ್ರಿಟನ್ನಿನ ಕಡ್ಡಾಯ ವಾಹನ ತಪಾಸಣೆ, ಅದರ ಬಗ್ಗೆ ಒಂದು ಮಾತೂ ಇಲ್ಲ. ಬ್ರಿಟನ್ನಿನಲ್ಲಿ 1989ರ ಕಾರಿಗೆ ಐಡಲ್‌ನಲ್ಲಿ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ (ಸಿಒ) 3.5 ಶೇಕಡಾ, ಹೈಡ್ರೋಕಾರ್ಬನ್ 1200 ಪಿಪಿಎಂ ಮೀರಬಾರದು. ಓವರ್‌ಲ್ಯಾಪ್ ಜಾಸ್ತಿಯಾದರೆ ಮೊದಲು ಏರುವುದೇ ಎರಡನೆಯದು. ಪಾಸಾಯಿತಾ ಇಲ್ಲವಾ?

ಮತ್ತೆ ಆ ಐದನೇ ಪುಟದ ಸಾಲು: ‘ನಂತರ ಕ್ಯಾಮ್ ಕೂರಿಸಿ ಟೈಮಿಂಗ್ ಹೊಂದಿಸಲಾಯಿತು.’ ಇಷ್ಟೇನಾ? ಮದುವೆ ಊಟಕ್ಕೆ ಕರೆದು ಎಲೆ ಹಾಕಿ ಎಬ್ಬಿಸಿದ ಹಾಗಾಯಿತು.

ಈ ಎಂಜಿನ್ನಿನಲ್ಲಿ ಶಿಮ್ (ಅಂತರ ಹೊಂದಿಸುವ ತೆಳು ಬಿಲ್ಲೆ) ಇರುವುದು ಬಕೆಟ್ಟಿನ, ಅಂದರೆ ಕ್ಯಾಮ್ ಒತ್ತುವ ವಾಲ್ವ್ ಮೇಲಿನ ಟೋಪಿಯ, ಕೆಳಗೆ. ಕ್ಯಾಮ್ ಕೂರಿಸಿ, ಫೀಲರ್ ಗೇಜ್ ತೂರಿಸಿ ಎಂಟು ವಾಲ್ವಿನ ಅಂತರವನ್ನೂ ಬರೆದುಕೊಂಡು, ಮತ್ತೆ ಕ್ಯಾಮ್ ಪೂರ್ತಿ ಬಿಚ್ಚಿ, ಶಿಮ್ ಬದಲಿಸಿ, ಮತ್ತೆ ಕೂರಿಸಿ ಅಳೆಯಬೇಕು. ಉದಾಹರಣೆಗೆ 0.45 ಮಿ.ಮೀ. ಬಂತು, ಬೇಕಾದ್ದು 0.25 ಅಂದರೆ ಈಗಿರುವುದಕ್ಕಿಂತ 0.20 ದಪ್ಪದ ಶಿಮ್. ಹಳೇ ಕ್ಯಾಮನ್ನೇ ಮರು ಉಜ್ಜಿ ಮಾಡಿದ್ದಾದರೆ ಅದರ ಬುಡ ಸಣ್ಣದಾಗಿರುತ್ತೆ, ಎಲ್ಲ ಕಡೆಯೂ ದಪ್ಪ ಶಿಮ್ಮೇ ಬೇಕು. ನಿಮ್ಮದು ಉಜ್ಜಿದ್ದೋ, ಹೊಸದಾಗಿ ಮಾಡಿದ್ದೋ? ಮ್ಯಾನುಯಲ್ಲಿನ ಇನ್‌ಲೆಟ್‌ಗೆ 0.20, ಎಕ್ಸಾಸ್ಟ್‌ಗೆ 0.40 ಅಂತರ ಇಟ್ಟಿರೋ, ಕ್ಯಾಮ್ ಜೊತೆ ಬಂದ ಕಾರ್ಡಿನಲ್ಲಿ ಇದ್ದದ್ದನ್ನೋ? ಕಾರ್ಡಿನದ್ದೇ ಸರಿ.

ಟೈಮಿಂಗ್ ಅಂತೂ ಒಂದು ಪುಟ ಬೇಕು. ಲೋಬ್, ಅಂದರೆ ಕ್ಯಾಮಿನ ಉಬ್ಬು, ಅದರ ತುದಿ ಚಪ್ಪಟೆಯಂತೆ ಇರುವುದರಿಂದ ವಾಲ್ವ್ ಪೂರ್ತಿ ಎದ್ದ ಬಿಂದು ಕಣ್ಣಿಗೆ ಸಿಗುವುದಿಲ್ಲ. ಡಯಲ್ ಗೇಜ್ ಇಟ್ಟು, ತುದಿಗಿಂತ 1 ಮಿ.ಮೀ. ಕೆಳಗೆ ಎರಡೂ ಕಡೆ ಕ್ರ್ಯಾಂಕಿಗೆ ಹಾಕಿದ ಡಿಗ್ರಿ ವೀಲ್ ನೋಡಬೇಕು. ಟಿಡಿಸಿ ಆದಮೇಲೆ ಒಂದು ಕಡೆ 82, ಇನ್ನೊಂದು ಕಡೆ 138 ಬಂದರೆ ನಡುವಿನದು 110. ಕಾರ್ಡು 108 ಅಂದರೆ ಕ್ಯಾಮ್ ಎರಡು ಡಿಗ್ರಿ ತಡವಾಗಿದೆ, ಕ್ಯಾಮನ್ನು ಚೂರುಚೂರೇ ತಿರುಗಿಸಿ ಹೊಂದಿಸುವ ವರ್ನಿಯರ್ ಪುಲ್ಲಿಯಲ್ಲಿ ಅಷ್ಟು ಮುಂದಕ್ಕೆ ತರಬೇಕು. ಅದು ಕ್ರ್ಯಾಂಕಿನ ಎರಡು ಡಿಗ್ರಿ, ಕ್ಯಾಮಿನಲ್ಲಿ ಒಂದೇ. ಪುಲ್ಲಿಯ ಗೆರೆ ಯಾವುದರ ಲೆಕ್ಕ ಅಂತ ಬರೆಯದೆ ಇದ್ದರೆ ಓದಿ ಮಾಡುವವನು ಕೆಡುತ್ತಾನೆ. ಮುಂದಕ್ಕೆ ತಂದಷ್ಟೂ ಇನ್‌ಲೆಟ್ ವಾಲ್ವ್ ಪಿಸ್ಟನ್ನಿಗೆ ಹತ್ತಿರವಾಗುತ್ತೆ. ಆ ಅಂತರ ಅಳೆದಿರಾ? ಬೆಲ್ಟ್ ಹಾಕಿದ ಮೇಲೆ ಸ್ಪ್ಯಾನರ್ ಹಿಡಿದು ಕೈಯಲ್ಲೇ ಎರಡು ಸುತ್ತು ತಿರುಗಿಸಿದಿರಾ? ನಿಜವಾಗಿ ಎದೆ ಡವಗುಟ್ಟುವ ಹೊತ್ತು ಅದು, ಅದನ್ನೇ ಬಿಟ್ಟಿದ್ದೀರಿ.

ಎರಡು ತಪ್ಪನ್ನಂತೂ ತಿದ್ದಲೇಬೇಕು. ಟೈಮಿಂಗ್ ಬೆಲ್ಟ್ ಕಡೆಯದು ಒಂದನೇ ಸಿಲಿಂಡರ್ ಅಂದಿದ್ದೀರಿ. ಇದರಲ್ಲಿ ಒಂದನೇದು ಗೇರ್‌ಬಾಕ್ಸ್ ಕಡೆ. ಒಂದು ಮತ್ತು ನಾಲ್ಕು ಒಟ್ಟಿಗೆ ಮೇಲೇರುವುದರಿಂದ ಟಿಡಿಸಿ ಹುಡುಕುವಾಗ ಬಚಾವ್, ಆದರೆ ನಿಮ್ಮ ಲೆಕ್ಕ ನಂಬಿ ಪ್ಲಗ್ ವೈರ್ ಹಾಕಿದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಇನ್ನೊಂದು: ವಾಲ್ವ್ ಸ್ಪ್ರಿಂಗ್ ಬದಲಿಸಲು ಹೆಡ್ ಬಿಚ್ಚಿ, ‘ಕ್ರ್ಯಾಂಕ್ ತಿರುಗಿಸುತ್ತಾ ಪಿಸ್ಟನ್ ಒರೆಸಿದೆವು’ ಅಂತ ಆರಾಮಾಗಿ ಬರೆದಿದ್ದೀರಿ. ಇದು ವೆಟ್ ಲೈನರ್ ಎಂಜಿನ್, ಸಿಲಿಂಡರಿನ ಕೊಳವೆ (ಲೈನರ್) ಬಿಡಿಯಾಗಿ, ಸುತ್ತ ಕೂಲಂಟ್ ತಾಗುವ ಹಾಗೆ ಕೂತಿರುತ್ತೆ. ಲೈನರ್‌ಗೆ ಕ್ಲ್ಯಾಂಪ್ ಹಾಕದೆ ತಿರುಗಿಸಿದರೆ ಅದು ಜಾಗ ಬಿಟ್ಟು ಎದ್ದು, ಬುಡದ ಸೀಲ್ ಕೆಟ್ಟು, ಕೂಲಂಟ್ ಆಯಿಲ್ ಸಂಪಿಗೆ ಇಳಿಯಬಹುದು. ಕ್ಲ್ಯಾಂಪ್ ಹಾಕಿದ್ದರೆ ಹಾಗಂತ ಬರೆಯಿರಿ, ಹಾಕಿರದಿದ್ದರೆ ಒಮ್ಮೆ ಡಿಪ್‌ಸ್ಟಿಕ್ ಎಳೆದು ನೋಡಿ.

ಮೊದಲ ಸ್ಟಾರ್ಟ್ ಭಾಗ ಮಾತ್ರ ಚೆನ್ನಾಗಿದೆ. ಐಡಲ್‌ಗೆ ಬಿಡದೆ 2000 ಆರ್‌ಪಿಎಂ ಮೇಲೆ ಇಪ್ಪತ್ತು ನಿಮಿಷ ಹಿಡಿದದ್ದು, ಪಕ್ಕದ ಮನೆಯವರು ಕಿಟಕಿ ಮುಚ್ಚಿದ್ದು, ಹೊಸ ಲೋಬ್ ಮತ್ತು ಬಕೆಟ್ ಪಳಗಲಿ ಅಂತ ನೀವು ನಾಚಿಕೊಂಡೇ ಕಾದದ್ದು. ಒಂದಕ್ಷರವನ್ನೂ ಮುಟ್ಟಬೇಡಿ.

ಆ 160 ಎಲ್ಲಿಂದ ಬಂತು? ಮೊದಲೂ ಆಮೇಲೂ ಒಂದೇ ರೋಲಿಂಗ್ ರೋಡಿನಲ್ಲಿ (ಚಕ್ರವನ್ನು ರೋಲರ್ ಮೇಲೆ ಓಡಿಸಿ ಪವರ್ ಅಳೆಯುವ ಯಂತ್ರ) ಅಳೆಸಿದ್ದರೆ ಎರಡೂ ಗ್ರಾಫ್ ಕೊಡಿ. 130 ಅನ್ನುವುದು ಕಂಪನಿ ಹೊಸ ಕಾರಿಗೆ ಹೇಳಿದ ಅಂಕಿ, ನಿಮ್ಮ ಹಳೇ ಎಂಜಿನ್ ಅಷ್ಟು ಕೊಡುತ್ತಿತ್ತು ಅಂತ ಯಾರು ಹೇಳಿದರು? ಮೊದಲಿನ ಗ್ರಾಫ್ ಇಲ್ಲದಿದ್ದರೆ 160ನ್ನು ತೆಗೆದುಹಾಕಿ.

ತಿದ್ದಿದ್ದು ಒಂದೂವರೆ ಸಾವಿರ ಪದದೊಳಗೆ ಇರಲಿ. ಜೊತೆಗೆ ಕ್ಯಾಮ್ ಕಾರ್ಡಿನ ಫೋಟೊ, ಶಿಮ್ ಅಳತೆ ಗೀಚಿಕೊಂಡ ಹಾಳೆ ಇದ್ದರೆ ಅದನ್ನೂ ಕಳಿಸಿ, ಗ್ರೀಸ್ ಮೆತ್ತಿದ್ದರೂ ಪರವಾಗಿಲ್ಲ. ಹಳೇ ಕ್ಯಾಮ್ ಇನ್ನೂ ಮಾರಿಲ್ಲ ತಾನೆ? ಎರಡನ್ನೂ ಪಕ್ಕಪಕ್ಕ ಇಟ್ಟು, ಲೋಬ್ ಆಕಾರದ ವ್ಯತ್ಯಾಸ ಕಾಣುವ ಹಾಗೆ ತುದಿಯಿಂದ ಒಂದು ಫೋಟೊ ತೆಗೆಯಿರಿ.