‘ಗೆರೆ ಕೂಡ್ತಿಲ್ಲ ಮೇಡಂ, ನನ್ನ ಕೈಯದ್ದೇ ತೊಂದರೆ’

ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದ ಹುಡುಗನೊಬ್ಬನ ಕತೆ ಇದು. ಹೆಸರು, ಊರು, ಕಚೇರಿ ಎಲ್ಲ ಬದಲಿಸಿದ್ದೇನೆ. ಇಲ್ಲಿ ಅವನನ್ನು ಮಂಜು ಅನ್ನೋಣ. ವಯಸ್ಸು 24, ಸಿವಿಲ್ ಡಿಪ್ಲೊಮಾ. ಕಟ್ಟಡಗಳ ಸ್ಟ್ರಕ್ಚರಲ್ ಡ್ರಾಯಿಂಗ್ ಮಾಡುವ ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್. ದಿನವಿಡೀ ಆಟೋಕ್ಯಾಡ್ ಅನ್ನುವ ನಕ್ಷೆ ಬರೆಯುವ ಸಾಫ್ಟ್‌ವೇರ್ ಮುಂದೆ ಕೂರುವ ಕೆಲಸ.

ಅವನ ಕಷ್ಟ ಏನೆಂದರೆ, ಗೆರೆಗಳು ಕೂಡುವುದಿಲ್ಲ. ಮೂಲೆಗೆ ಮುಟ್ಟಿಸಿದೆ ಅಂದುಕೊಂಡ ಗೆರೆ, ಜೂಮ್ ಮಾಡಿ ನೋಡಿದರೆ ಒಂಚೂರು ಆಚೆ ನಿಂತಿರುತ್ತದೆ. ಹ್ಯಾಚ್ ಹಾಕಲು, ಅಂದರೆ ಒಂದು ಜಾಗದೊಳಗೆ ಗೆರೆ ತುಂಬಲು ಹೋದರೆ ಬೌಂಡರಿ ಸಿಗುತ್ತಿಲ್ಲ ಅನ್ನುತ್ತದೆ. ಕೆಲವು ದಿನ ಕರ್ಸರ್ ಮಾತೇ ಕೇಳದೆ ಜಿಗಿಯುತ್ತದೆ. ಒಂದು ದಿನ ಸೀನಿಯರ್ ಎಲ್ಲರ ಮುಂದೆ, “230 ಮಿ.ಮೀ. ಇರಬೇಕಾದ ಕಾಲಂ 229 ಚಿಲ್ಲರೆ ಇದೆ, ನಿದ್ದೆ ಮಾಡ್ತಾ ಕೆಲಸ ಮಾಡ್ತೀಯೇನೋ?” ಅಂದುಬಿಟ್ಟರು. ಅಲ್ಲಿಂದ ಅವನ ತಲೆಯಲ್ಲಿ ಕೂತದ್ದು ಒಂದೇ ಮಾತು: ನನ್ನ ಕೈ ನಡುಗುತ್ತಿದೆ.

ಕಣ್ಣು ಪರೀಕ್ಷೆ ಆಗಿತ್ತು. ಡಾಕ್ಟರು ನರದ ತೊಂದರೆ ಏನೂ ಇಲ್ಲ ಅಂದಿದ್ದರು. ಆದರೂ ಕಾಫಿ ಬಿಟ್ಟಿದ್ದ. ಒಂದೊಂದು ಮೂಲೆಯನ್ನೂ ಮತ್ತೆ ಮತ್ತೆ ಜೂಮ್ ಮಾಡಿ ನೋಡುತ್ತಾ ರಾತ್ರಿ ಒಂಬತ್ತಾದರೂ ಕಚೇರಿಯಲ್ಲೇ ಇರುತ್ತಿದ್ದ. ನಿದ್ದೆ ಕಮ್ಮಿ, ಊಟ ಕಮ್ಮಿ. ನನ್ನ ಹತ್ತಿರ ಕಳಿಸಿದ್ದು ಅವರಮ್ಮ.

ಆಪ್ತಸಲಹೆಗೆ ಬರುವ ಮುಂಚೆ ನಾನು ಕೆಲವು ವರ್ಷ ಪಾಲಿಟೆಕ್ನಿಕ್ ಹುಡುಗರಿಗೆ ಡ್ರಾಯಿಂಗ್ ಕಲಿಸಿದವಳು. ಹಾಗಾಗಿ ಅವನ ಬಾಲ್ಯ, ಭಯ ಎಲ್ಲ ಕೆದಕುವ ಮೊದಲು, “ಮುಂದಿನ ಸಲ ಆ ಲ್ಯಾಪ್‌ಟಾಪ್ ತಗೊಂಡು ಬಾರಪ್ಪ, ಕೂತು ಗೆರೆ ಎಳಿ, ನೋಡೋಣ” ಅಂದೆ. ಅದು ಕಚೇರಿಯದ್ದು. ಇವನೂ ಇನ್ನೊಬ್ಬ ಹುಡುಗನೂ ಹಂಚಿಕೊಂಡು ಬಳಸುತ್ತಾರೆ.

ಬೀಮಿನ ಗೆರೆಯನ್ನು ಕಾಲಂ ಮೂಲೆಗೆ ತಂದ. ಹಸಿರು ಗುರುತು ಮೂಡಿತು, ಕ್ಲಿಕ್ ಮಾಡಿದ. ಗೆರೆಯ ಯಾವ ಬಿಂದುವನ್ನು ಹಿಡಿದಿದೆ ಅಂತ ತೋರಿಸುವ ಗುರುತು ಅದು; ಹೀಗೆ ತಾನಾಗಿ ಬಿಂದು ಹಿಡಿಯುವುದಕ್ಕೆ ಆಬ್ಜೆಕ್ಟ್ ಸ್ನ್ಯಾಪ್ ಅನ್ನುತ್ತಾರೆ. ಕೈ ಸ್ವಲ್ಪವೂ ಅಲುಗಲಿಲ್ಲ. ಆದರೆ ಆ ಗುರುತು ಚೌಕ ಆಗಿರಲಿಲ್ಲ, ಮರಳು ಗಡಿಯಾರದ ಆಕಾರದಲ್ಲಿತ್ತು. ಚೌಕ ಅಂದರೆ ಎಂಡ್‌ಪಾಯಿಂಟ್, ಅಂದರೆ ಗೆರೆಯ ತುದಿ. ಮರಳು ಗಡಿಯಾರ ಅಂದರೆ ನಿಯರೆಸ್ಟ್. ಅದು ಗೆರೆಯ ಮೇಲೆ ಎಲ್ಲಿ ಬೇಕಾದರೂ ಹಿಡಿಯುತ್ತದೆ. ಮೂಲೆಯ ಪಕ್ಕದಲ್ಲೇ ಹಿಡಿದು, ಗುರುತನ್ನೂ ತೋರಿಸಿ, ಸರಿಯಾಗಿದೆ ಅನ್ನಿಸಿಬಿಡುತ್ತದೆ.

ಆಜ್ಞೆ ಟೈಪ್ ಮಾಡುವ ಕಮಾಂಡ್ ಲೈನಿನಲ್ಲಿ ‘ಓಎಸ್’ (OS) ಟೈಪ್ ಮಾಡಿ ಎಂಟರ್ ಒತ್ತಿಸಿದೆ. ಆಬ್ಜೆಕ್ಟ್ ಸ್ನ್ಯಾಪ್ ಪಟ್ಟಿ ತೆರೆಯಿತು. ಇದ್ದಬದ್ದ ಬಾಕ್ಸಿಗೆಲ್ಲ ಟಿಕ್! ಯಾರೋ ‘ಸೆಲೆಕ್ಟ್ ಆಲ್’ ಒತ್ತಿದ್ದಾರೆ. ಮದುವೆ ಮನೆಯಲ್ಲಿ ಬಂದವರೆಲ್ಲ ಅಡುಗೆಗೆ ಕೈ ಹಾಕಿದ ಹಾಗೆ. ಇದರ ಜೊತೆಗೆ ಇವನದ್ದೂ ಒಂದು ಕೈಚಳಕ ಇತ್ತು. ಕರ್ಸರ್ ಸುತ್ತ ಬಿಂದು ಹುಡುಕುವ ಚೌಕಕ್ಕೆ ಅಪರ್ಚರ್ ಅನ್ನುತ್ತಾರೆ. ಅದು ಚಿಕ್ಕದಾದಷ್ಟೂ ಕೆಲಸ ನಿಖರ ಅಂತ ಯಾವುದೋ ವಿಡಿಯೊ ನೋಡಿ ಅದನ್ನು 10ರಿಂದ 3 ಪಿಕ್ಸೆಲ್‌ಗೆ ಇಳಿಸಿದ್ದ. ಆಗುವುದು ಉಲ್ಟಾ. ಅಪರ್ಚರ್ ಸಣ್ಣದಾದರೆ ಕರ್ಸರ್ ಮೂಲೆಯ ತೀರಾ ಹತ್ತಿರ ಹೋಗುವ ತನಕ ಎಂಡ್‌ಪಾಯಿಂಟ್ ಸಿಗುವುದಿಲ್ಲ. ಅಷ್ಟರಲ್ಲಿ ನಿಯರೆಸ್ಟ್ ಹಿಡಿದಾಗಿರುತ್ತದೆ.

ತಪ್ಪು ಇಷ್ಟು ದಿನ ಕಣ್ಣಿಗೆ ಬೀಳದಿರಲು ಇನ್ನೊಂದು ಕಾರಣ ಇತ್ತು. ಅಳತೆ ಹೇಗೆ ಕಾಣಬೇಕು ಅಂತ ಹೇಳುವ ಡೈಮೆನ್ಷನ್ ಸ್ಟೈಲಿನಲ್ಲಿ ಪ್ರಿಸಿಷನ್, ಅಂದರೆ ತೋರಿಸುವ ಡೆಸಿಮಲ್‌ಗಳ ಸಂಖ್ಯೆ, ಸೊನ್ನೆ. 229.6 ಇದ್ದರೂ ಪರದೆಯಲ್ಲಿ 230 ಅಂತಲೇ ಕಾಣುತ್ತದೆ.

ಇನ್ನು ಜಿಗಿಯುವ ಕರ್ಸರ್. ಅದು ಎಫ್9. ಗೆರೆ ನೇರ ಅಡ್ಡಕ್ಕೆ ಅಥವಾ ಉದ್ದಕ್ಕೇ ಹೋಗುವಂತೆ ಮಾಡುವ ಆರ್ಥೋಗೆ ಎಫ್8 ಒತ್ತಲು ಹೋಗಿ ಪಕ್ಕದ ಎಫ್9 ಒತ್ತಿಬಿಡುತ್ತಿದ್ದ. ಗ್ರಿಡ್ ಸ್ನ್ಯಾಪ್ ಆನ್ ಆಗಿ ಕರ್ಸರ್ ಹೆಜ್ಜೆ ಹೆಜ್ಜೆಯಾಗಿ ಹಾರುತ್ತದೆ. ಕಮಾಂಡ್ ಲೈನಿನಲ್ಲಿ ‘ಸ್ನ್ಯಾಪ್ ಆನ್’ ಅಂತ ಬರುತ್ತದೆ ನಿಜ, ಅದನ್ನು ಯಾರು ಓದುತ್ತಾರೆ? ಈ ಸೆಟ್ಟಿಂಗ್ ಆ ಡ್ರಾಯಿಂಗ್ ಫೈಲಿನಲ್ಲೇ ಉಳಿಯುತ್ತದೆ. ಆಬ್ಜೆಕ್ಟ್ ಸ್ನ್ಯಾಪ್ ಟಿಕ್‌ಗಳು ಉಳಿಯುವುದು ಕಂಪ್ಯೂಟರಿನಲ್ಲಿ. ‘ಕೆಲವು ದಿನ ಕೈ ಚೆನ್ನಾಗಿರುತ್ತೆ, ಕೆಲವು ದಿನ ಕೆಡುತ್ತೆ’ ಅಂತ ಮೊದಲು ಹೇಳಿದ್ದ; ಬದಲಾಗುತ್ತಿದ್ದದ್ದು ಕೈ ಅಲ್ಲ, ಫೈಲು. ಕೇಳುತ್ತಾ ಅವನು ಜೋರಾಗಿ ನಕ್ಕ, ಆಮೇಲೆ ಕಣ್ಣು ಒರೆಸಿಕೊಂಡ.

ಕೊಟ್ಟ ಸಲಹೆ ಹೀಗಿತ್ತು. ಎಂಡ್‌ಪಾಯಿಂಟ್, ಮಿಡ್‌ಪಾಯಿಂಟ್, ಸೆಂಟರ್, ಇಂಟರ್‌ಸೆಕ್ಷನ್, ಪರ್ಪೆಂಡಿಕ್ಯುಲರ್, ಈ ಐದಕ್ಕೆ ಮಾತ್ರ ಟಿಕ್ ಇರಲಿ. ಹಂಚಿಕೊಂಡ ಲ್ಯಾಪ್‌ಟಾಪ್ ಅಲ್ವಾ, ಬೆಳಿಗ್ಗೆ ಕೂತ ತಕ್ಷಣ ‘ಓಎಸ್‌ಮೋಡ್’ (OSMODE) ಟೈಪ್ ಮಾಡಿ 167 ಕೊಟ್ಟರೆ ಈ ಐದೇ ಬರುತ್ತವೆ. ಅಪರ್ಚರ್ ವಾಪಸ್ 10. ನಿಯರೆಸ್ಟ್ ಬೇಕೇ ಬೇಕು ಅನ್ನಿಸಿದಾಗ ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿ ಆ ಒಂದು ಸಲಕ್ಕೆ ತಗೊಂಡರಾಯಿತು. ಪಾಯಿಂಟುಗಳು ಗುಂಪಾಗಿರುವ ಕಡೆ ಟ್ಯಾಬ್ ಒತ್ತುತ್ತಾ ಹೋದರೆ ಒಂದೊಂದೇ ತೋರಿಸುತ್ತದೆ. ಈಗಾಗಲೇ ಕೆಟ್ಟಿರುವ ಮೂಲೆಗಳಿಗೆ ಫಿಲೆಟ್ (ಎರಡು ಗೆರೆಗಳ ಮೂಲೆ ಕೂಡಿಸುವ ಆಜ್ಞೆ) ಕೊಟ್ಟು, ಎರಡನೇ ಗೆರೆ ಒತ್ತುವಾಗ ಶಿಫ್ಟ್ ಹಿಡಿದರೆ ಸೊನ್ನೆ ರೇಡಿಯಸ್ಸಿನಲ್ಲಿ, ಅಂದರೆ ಚೂಪು ಮೂಲೆಯಾಗಿ, ಕೂಡಿಕೊಳ್ಳುತ್ತವೆ.

ಸೆಟ್ಟಿಂಗ್ ಸರಿಹೋಯಿತು, ಅಭ್ಯಾಸ ಹೋಗಲಿಲ್ಲ. ಎಲ್ಲ ಸರಿ ಇದೆ ಅಂತ ಗೊತ್ತಿದ್ದೂ ಮೂಲೆ ಮೂಲೆ ಜೂಮ್ ಮಾಡುತ್ತಲೇ ಇದ್ದ. ಬೇಡ ಅಂದರೆ ಭಯ ಜಾಸ್ತಿ ಆಗುತ್ತದೆ. ಹಾಗಾಗಿ ಅದರ ಬದಲಿಗೆ ಇನ್ನೊಂದು ಕೊಟ್ಟೆ. ಶೀಟ್ ಮುಗಿದ ಮೇಲೆ ಡೈಮೆನ್ಷನ್ ಪ್ರಿಸಿಷನ್ ಎರಡು ಡೆಸಿಮಲ್‌ಗೆ ಏರಿಸು. ಚಿಲ್ಲರೆ ಇರುವ ಅಳತೆಗಳು ತಾವಾಗಿಯೇ ಕಾಣುತ್ತವೆ. ಅವನ್ನು ಸರಿಮಾಡು, ಪ್ರಿಸಿಷನ್ ಇಳಿಸು, ಫೈಲ್ ಮುಚ್ಚು. ಒಂದೇ ಸಲ. ಈ ಪರೀಕ್ಷಿಸುವ ಚಟ ಮನೆಯ ಬೀಗ, ಗ್ಯಾಸ್ ಅಂತ ಹರಡಿದರೆ ಮನೋವೈದ್ಯರನ್ನು ಕಾಣಲೇಬೇಕು ಅಂತಲೂ ಹೇಳಿದೆ. ರಾತ್ರಿ ಹೊತ್ತು ತಳಮಳ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಸೀನಿಯರ್‌ಗೆ ಹೇಗೆ ಹೇಳುವುದು ಅನ್ನುವುದೇ ಅವನಿಗೆ ದೊಡ್ಡ ಚಿಂತೆ. ಸಾಫ್ಟ್‌ವೇರ್ ಮೇಲೆ ಹಾಕಿದರೆ ನೆಪ ಅಂತಾರೆ. ಸುಮ್ನೆ ಕ್ಷಮೆ ಕೇಳಿದರೆ ‘ಇವನು ಎಡವಟ್ಟು’ ಅನ್ನುವುದು ಪಕ್ಕಾ ಆಗುತ್ತದೆ. ಒಬ್ಬರೇ ಇದ್ದಾಗ ಹೋಗಿ, “ಸಾರ್, ಅಳತೆ ಯಾಕೆ ತಪ್ತಿತ್ತು ಅಂತ ಗೊತ್ತಾಯ್ತು, ಎರಡು ನಿಮಿಷ ತೋರಿಸ್ಲಾ?” ಅನ್ನು ಅಂದೆ. ನನ್ನ ಮುಂದೆಯೇ ಅದನ್ನು ಹೇಳಿ ಅಭ್ಯಾಸ ಮಾಡಿದ. ಸಾರ್ ನೋಡಿದರಂತೆ. “ಹೂಂ” ಅಂದರಂತೆ. ಅಷ್ಟೇ. ಆದರೆ ಮರುದಿನ ಇನ್ನೊಬ್ಬ ಹುಡುಗನಿಗೂ 167 ಹೇಳಿಕೊಡು ಅಂದಿದ್ದಾರೆ.

ಈಗ ಏಳಕ್ಕೆಲ್ಲ ಮನೆಗೆ ಬರುತ್ತಾನೆ. ಎಲ್ಲರ ಮುಂದೆ ಬೈಸಿಕೊಂಡದ್ದು ಮಾತ್ರ ಇನ್ನೂ ಚುಚ್ಚುತ್ತದೆ. ಆ ವಿಷಯ ಈಗಷ್ಟೇ ಮಾತಿಗೆ ಬಂದಿದೆ. ಸದ್ಯ ತಿಂಗಳಿಗೊಮ್ಮೆ ಬಾ ಅಂದಿದ್ದೇನೆ.